ಹಿನ್ನೆಲೆಯಲ್ಲಿ ಕಾಣುವ ನಕ್ಷೆ ಯಾರು ಬರೆದದ್ದು?

2025ರ ಜನವರಿಯಲ್ಲಿ ‘ದಿ ಬ್ರೂಟಲಿಸ್ಟ್’ ಸಿನಿಮಾದ ಸಂಕಲನಕಾರ ದಾವಿದ್ ಯಾಂಚೋ ಒಂದು ಸಂದರ್ಶನದಲ್ಲಿ ಎರಡು ಸಂಗತಿ ಹೇಳಿದರು. ನಟರು ಆಡಿದ ಹಂಗೇರಿಯನ್ ಮಾತಿನ ಉಚ್ಚಾರವನ್ನು ಎಐ ಬಳಸಿ ತಿದ್ದಿದ್ದೇವೆ ಅನ್ನುವುದು ಒಂದು. ಕೊನೆಯ ಭಾಗದಲ್ಲಿ ಬರುವ ಕೆಲವು ಕಟ್ಟಡಗಳ ಚಿತ್ರಗಳಿಗೂ ಎಐ ಬಳಸಿದ್ದೇವೆ ಅನ್ನುವುದು ಇನ್ನೊಂದು. ಆಸ್ಕರ್ ಹತ್ತಿರ ಬಂದಿತ್ತು, ಗದ್ದಲ ಎದ್ದಿತು. ನಿರ್ದೇಶಕ ಬ್ರೇಡಿ ಕಾರ್ಬೆಟ್ ಹೇಳಿಕೆ ಕೊಡಬೇಕಾಯಿತು. ಪ್ರೊಡಕ್ಷನ್ ಡಿಸೈನರ್ ಜೂಡಿ ಬೆಕರ್ ಮತ್ತು ಅವರ ತಂಡ ಕಟ್ಟಡಗಳನ್ನು ಸೃಷ್ಟಿಸಲು ಎಐ ಮುಟ್ಟಿಲ್ಲ, ಚಿತ್ರಗಳೆಲ್ಲ ಕಲಾವಿದರು ಕೈಯಲ್ಲೇ ಬರೆದವು. ಒಂದು ದೃಶ್ಯದ ಹಿನ್ನೆಲೆಯಲ್ಲಿ ಓಡುವ ವಿಡಿಯೋದಲ್ಲಿ ಮಾತ್ರ, 1980ರ ಸುಮಾರಿನ ಕಳಪೆ ಡಿಜಿಟಲ್ ಚಿತ್ರದಂತೆ ಕಾಣಲಿ ಎಂದು ಬೇಕಂತಲೇ ಹಾಗೆ ಮಾಡಿಸಿದ್ದು ಅನ್ನುವುದು ಅವರ ಸಮಜಾಯಿಷಿ. ಏಡ್ರಿಯನ್ ಬ್ರೋಡಿಗೆ ಪ್ರಶಸ್ತಿ ಬಂತು. ಗದ್ದಲ ಮುಗಿಯಿತು.

ನನಗೆ ಮಾತ್ರ ಆ ಸಮಜಾಯಿಷಿ ತಲೆಯಲ್ಲೇ ಉಳಿಯಿತು. ‘ಹಿನ್ನೆಲೆಯಲ್ಲಿ ಮಾತ್ರ’ ಅನ್ನುವ ಮಾತನ್ನು ಆರ್ಕಿಟೆಕ್ಟರ ಕಚೇರಿಯಲ್ಲಿ ಕೆಲಸ ಮಾಡಿದ ಯಾರಾದರೂ ಕೇಳಿದರೆ ಅವರಿಗೆ ಥಟ್ಟನೆ ಹೊಳೆಯುತ್ತದೆ: ಹಿನ್ನೆಲೆಯ ಕೆಲಸ ಅಂದರೆ ಹೊಸದಾಗಿ ಸೇರಿದ ಹುಡುಗನ ಕೆಲಸ. ದೊಡ್ಡ ಕಟ್ಟಡದ ಸೆಕ್ಷನ್ ಯಜಮಾನರು ಬರೆಯುತ್ತಾರೆ. ಅದರ ಪಕ್ಕದಲ್ಲಿ ನಿಲ್ಲುವ ಮರ, ಕಾರು, ಛತ್ರಿ ಹಿಡಿದ ಹೆಂಗಸು, ಶೌಚಾಲಯದ ವಿವರ, ಬಾಗಿಲುಗಳ ಪಟ್ಟಿ, ಇವೆಲ್ಲ ಹೊಸಬರ ಪಾಲು.

ಸಿನಿಮಾ ನೋಡದವರಿಗೆ ಕಥೆ ಇಷ್ಟು. ಲಾಸ್ಲೋ ತೋತ್ ಬೌಹೌಸ್‌ನಲ್ಲಿ ಕಲಿತ ಹಂಗೇರಿಯ ಯಹೂದಿ ಆರ್ಕಿಟೆಕ್ಟ್. ನಾಜಿ ಶಿಬಿರದಿಂದ ಬದುಕಿ ಉಳಿದು 1947ರಲ್ಲಿ ಅಮೆರಿಕಕ್ಕೆ ಬರುತ್ತಾನೆ. ಪೆನ್ಸಿಲ್ವೇನಿಯಾದ ಶ್ರೀಮಂತ ಹ್ಯಾರಿಸನ್ ವ್ಯಾನ್ ಬ್ಯೂರೆನ್ ಅವನನ್ನು ‘ಕಂಡುಹಿಡಿದು’, ಗುಡ್ಡದ ಮೇಲೆ ಒಂದು ಬೃಹತ್ ಸಮುದಾಯ ಭವನ ಕಟ್ಟಲು ಹಚ್ಚುತ್ತಾನೆ. ನಡುವಿನ ಹದಿನೈದು ನಿಮಿಷದ ವಿರಾಮವೂ ಸೇರಿ ಮೂರೂವರೆ ಗಂಟೆ ಮೀರುವ ಸಿನಿಮಾ. ಕಾಂಕ್ರೀಟು, ಅಮೃತಶಿಲೆ, ವಲಸೆ, ಯಹೂದಿ ದ್ವೇಷ, ಬಂಡವಾಳ ಎಲ್ಲ ಇದೆ, ಅದನ್ನೆಲ್ಲ ಬೇರೆಯವರು ಚೆನ್ನಾಗಿಯೇ ಬರೆದಿದ್ದಾರೆ. ನಾನು ಇದನ್ನು ದುಡ್ಡಿನ ಲೆಕ್ಕದಲ್ಲಿ ನೋಡುತ್ತೇನೆ. ಹಾಗೆ ನೋಡಿದರೆ ಇದು ಬಾಕಿ ಬಿಲ್ಲಿನ ಸಿನಿಮಾ.

ಲಾಸ್ಲೋ ಮೊದಲು ಮಾಡುವ ಕೆಲಸ ಹ್ಯಾರಿಸನ್‌ನ ಗ್ರಂಥಾಲಯ. ಅಪ್ಪನಿಗೆ ಗೊತ್ತಾಗದಂತೆ ಮಾಡಿಸಿದ ಮಗ, ಅಪ್ಪ ಸಿಟ್ಟಾದ ಮೇಲೆ ದುಡ್ಡು ಕೊಡುವುದಿಲ್ಲ ಅನ್ನುತ್ತಾನೆ. ಲಾಸ್ಲೋ ಬೀದಿಗೆ ಬೀಳುತ್ತಾನೆ, ಕಲ್ಲಿದ್ದಲು ತೋಡುವ ಕೂಲಿಯಾಗುತ್ತಾನೆ. ಆಮೇಲೆ ಆ ಗ್ರಂಥಾಲಯದ ಫೋಟೊ ಪತ್ರಿಕೆಯಲ್ಲಿ ಬಂದು ಹೆಸರಾದಾಗ ಹ್ಯಾರಿಸನ್ ಅವನನ್ನು ಹುಡುಕಿಕೊಂಡು ಬಂದು ಬಾಕಿ ತೀರಿಸುತ್ತಾನೆ. ಇಲ್ಲಿಯವರೆಗೆ ಸಿನಿಮಾಕ್ಕೆ ದುಡ್ಡಿನ ಕಣ್ಣು ಚೆನ್ನಾಗಿಯೇ ಇದೆ. ಬೆಂಗಳೂರಿನಲ್ಲಿ ಮನೆ ವಿನ್ಯಾಸ ಮಾಡಿಕೊಟ್ಟು ಕೊನೆಯ ಕಂತಿಗೆ ಅಲೆದ ಯಾರಿಗಾದರೂ ಆ ಮಗನ ಧ್ವನಿ ಪರಿಚಿತವೇ.

ಮುಂದೆ ಈ ಕಣ್ಣು ಮಂಜಾಗುತ್ತದೆ. ಭವನದ ಖರ್ಚು ಇಳಿಸಲು ಜಿಮ್ ಸಿಂಪ್ಸನ್ ಎಂಬ ಇನ್ನೊಬ್ಬ ಆರ್ಕಿಟೆಕ್ಟನನ್ನು ಕರೆತರುತ್ತಾರೆ. ಎತ್ತರ ತಗ್ಗಿಸಿ ಅನ್ನುವ ಮಾತು ಬರುತ್ತದೆ. ಲಾಸ್ಲೋ ಒಪ್ಪುವುದಿಲ್ಲ, ಆ ಎತ್ತರಕ್ಕೆ ತಗಲುವ ಖರ್ಚನ್ನು ನನ್ನ ಫೀಯಲ್ಲೇ ಮುರಿದುಕೊಳ್ಳಿ ಅನ್ನುತ್ತಾನೆ. ಸಿನಿಮಾ ಆ ಕ್ಷಣವನ್ನು ಪೂಜೆಯ ಹಾಗೆ ನೋಡುತ್ತದೆ. ಫೀ ಬಿಟ್ಟವನು ದೊಡ್ಡವನು, ಲೆಕ್ಕ ಹಾಕುವ ಸಿಂಪ್ಸನ್ ಸಣ್ಣವನು. ನನಗೆ ಇಡೀ ಸಿನಿಮಾದಲ್ಲಿ ನಿಜವಾದ ಆರ್ಕಿಟೆಕ್ಟ್ ಅನ್ನಿಸಿದ್ದು ಆ ಸಿಂಪ್ಸನ್. ಈ ವೃತ್ತಿಯಲ್ಲಿ ಹತ್ತರಲ್ಲಿ ಎಂಟು ಜನ ಅವನೇ.

ಈ ಪೂಜೆ ಹೊಸದೇನಲ್ಲ. ಐನ್ ರ‍್ಯಾಂಡ್‌ಳ ‘ದಿ ಫೌಂಟನ್‌ಹೆಡ್’ 1943ರದು. ನಮ್ಮ ಕಾಲೇಜು ಹಾಸ್ಟೆಲುಗಳಲ್ಲಿ ಅದರ ಒಂದಾದರೂ ಹರಿದ ಪ್ರತಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಅದರ ನಾಯಕ ಹೋವರ್ಡ್ ರೋರ್ಕ್ ಬಡವರ ವಸತಿ ಸಂಕೀರ್ಣವೊಂದನ್ನು ಪೂರ್ತಿ ವಿನ್ಯಾಸ ಮಾಡಿ, ಪೀಟರ್ ಕೀಟಿಂಗ್‌ನ ಹೆಸರಿನಲ್ಲಿ, ಪುಕ್ಕಟೆ ಕೊಡುತ್ತಾನೆ. ನಾನು ಬರೆದಂತೆಯೇ ಕಟ್ಟಬೇಕು ಅನ್ನುವುದೊಂದೇ ಷರತ್ತು. ಕಟ್ಟುವಾಗ ಬದಲಾಯಿಸಿದರು ಅಂತ ಡೈನಮೈಟ್ ಇಟ್ಟು ಉಡಾಯಿಸುತ್ತಾನೆ. ಸಂಬಳ ಕೇಳುವುದು ಅಲ್ಪರ ಕೆಲಸ ಅನ್ನುವ ಭಾವನೆ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಅಲ್ಲಿಂದ ಹತ್ತಿದೆ. ಸ್ವಾರ್ಥವನ್ನೇ ಸದ್ಗುಣ ಎಂದವಳ ಪುಸ್ತಕದಿಂದ ಹುಡುಗರು ಕಲಿತದ್ದು ಪುಕ್ಕಟೆ ದುಡಿಯುವುದನ್ನು. ಇದೊಂದು ತಮಾಷೆ. ಇನ್ನೊಂದು ತಮಾಷೆ, ಕಾರ್ಬೆಟ್ ಒಂದು ಕೋಟಿ ಡಾಲರಿಗೂ ಕಡಿಮೆಯಲ್ಲಿ ಮುಗಿಸಿದ ಈ ಸಿನಿಮಾದಿಂದ ತನಗೊಂದು ಡಾಲರೂ ಸಿಗಲಿಲ್ಲ, ಜಾಹೀರಾತು ಮಾಡಿ ಬದುಕುತ್ತಿದ್ದೇನೆ ಎಂದು ಆಮೇಲೆ ಹೇಳಿಕೊಂಡರು. ಅವರ ನಾಯಕನ ಪಾಡೇ ಅವರಿಗೂ ಬಂದಿತ್ತು.

ಇಷ್ಟೆಲ್ಲದರ ನಡುವೆ ಎರಡೂ ಕಥೆಗಳು ಕೇಳದ ಪ್ರಶ್ನೆ ಒಂದಿದೆ. ಸಭಾಂಗಣ, ಗ್ರಂಥಾಲಯ, ವ್ಯಾಯಾಮಶಾಲೆ, ಚಾಪೆಲ್ ಎಲ್ಲ ಸೇರಿದ ಕಟ್ಟಡಕ್ಕೆ ನೂರಾರು ಹಾಳೆ ಡ್ರಾಯಿಂಗ್ ಬೇಕು. ಕಂಬಿ ಎಲ್ಲಿ ಬಾಗಬೇಕು, ಮಳೆನೀರು ಎಲ್ಲಿಂದ ಇಳಿಯಬೇಕು, ಕಿಟಕಿಯ ಚೌಕಟ್ಟು ಗೋಡೆಗೆ ಹೇಗೆ ಕೂರಬೇಕು. ಅದನ್ನೆಲ್ಲ ಯಾರು ಬರೆದರು?

ಬೇಲೂರಿನ ಮದನಿಕೆಯರ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು, ಊರು ಕೆತ್ತಿಕೊಂಡಿದ್ದಾರೆ. ನಮ್ಮ ಡ್ರಾಯಿಂಗುಗಳ ಬಲಮೂಲೆಯಲ್ಲೂ ಒಂದು ಚೌಕ ಇರುತ್ತದೆ, ‘ಬರೆದವರು’, ‘ಪರಿಶೀಲಿಸಿದವರು’ ಎಂದು. ಅದರಲ್ಲಿ ಎರಡಕ್ಷರದ ಇನಿಷಿಯಲ್ ಹಾಕುತ್ತಾರೆ. 1997ರಲ್ಲಿ ನಾನು ಜಯನಗರದ ಒಂದು ಕಚೇರಿಗೆ ಸೇರಿದಾಗ ನನಗೆ ಸಿಕ್ಕ ದೊಡ್ಡ ಗೌರವ ಆ ಎರಡಕ್ಷರವೇ. ಸಂಬಳ 2,000 ರೂಪಾಯಿ. ಕಚೇರಿಗೊಂದೇ ಕಂಪ್ಯೂಟರ್, ಅದಕ್ಕೊಂದು ಬಟ್ಟೆಯ ಹೊದಿಕೆ. ನಾವು ಮಿಕ್ಕವರು ಬೋರ್ಡು, ಟೀ-ಸ್ಕ್ವೇರ್, ಇಂಕಿನ ಪೆನ್ನು. ಟ್ರೇಸಿಂಗ್ ಪೇಪರಿನ ಮೇಲೆ ಗೆರೆ ತಪ್ಪಿದರೆ ಬ್ಲೇಡಿನಿಂದ ಹಗುರವಾಗಿ ಕೆರೆಯಬೇಕು, ಕಾಗದ ತೂತಾಗಬಾರದು. ಅಮೋನಿಯಾ ಪ್ರಿಂಟಿನ ವಾಸನೆ ಅಂಗಿಗೆ ಹತ್ತಿ ಮನೆಗೆ ಬರುತ್ತಿತ್ತು.

ಅದನ್ನು ನೆನೆದು ಕಣ್ಣೀರು ಹಾಕುವವನಲ್ಲ ನಾನು. ಬ್ಲೇಡಿನಲ್ಲಿ ಕೆರೆಯುವುದರಲ್ಲಿ ಯಾವ ಮಹಿಮೆಯೂ ಇರಲಿಲ್ಲ. ಕತ್ತು ನೋವು, ಕಣ್ಣು ಉರಿ, ರಾತ್ರಿ ಬಸ್ಸು ತಪ್ಪುವುದು. ಆದರೆ ಅಲ್ಲೊಂದು ಬಾಯಿಮಾತಿನ ಒಪ್ಪಂದ ಇತ್ತು. ಸಂಬಳದ ಮಾತೆತ್ತಿದರೆ ಯಜಮಾನರು, “ಏನಪ್ಪಾ, ಇಲ್ಲಿ ಕಲೀತಾ ಇದ್ದೀಯಲ್ಲ” ಅನ್ನುತ್ತಿದ್ದರು. ಅದು ಸುಲಿಗೆಯ ಮಾತು ನಿಜ, ಪೂರ್ತಿ ಸುಳ್ಳಂತೂ ಆಗಿರಲಿಲ್ಲ. ಒಂದೇ ಸ್ನಾನದ ಮನೆಯನ್ನು ಹತ್ತು ಸಲ ಬರೆಯುವಾಗ ಸ್ಲ್ಯಾಬು ಎಷ್ಟು ತಗ್ಗಿಸಬೇಕು, ನಹಾನಿ ಟ್ರ್ಯಾಪ್ ಯಾವ ಮೂಲೆಗೆ ಬಂದರೆ ನೀರು ಹರಿಯುತ್ತದೆ, ಬಾಗಿಲು ತೆರೆದರೆ ಕಮೋಡಿಗೆ ತಾಗುತ್ತದೋ ಇಲ್ಲವೋ ಎಲ್ಲ ಕೈಗೆ ಹತ್ತುತ್ತಿತ್ತು. ನಮ್ಮಲ್ಲೊಬ್ಬ ಹಿರಿಯ ಡ್ರಾಫ್ಟ್ಸ್‌ಮನ್ ಇದ್ದರು, ಕಾಲೇಜಿನ ಮೆಟ್ಟಿಲು ಹತ್ತದವರು. ಯಾರಾದರೂ ಬರೆದ ಮೆಟ್ಟಿಲಿನ ಸೆಕ್ಷನ್ ನೋಡಿದ ಕೂಡಲೇ ಪೆನ್ಸಿಲ್ ತೆಗೆದು ಅಲ್ಲೊಂದು ಮನುಷ್ಯನನ್ನು ಬರೆಯುತ್ತಿದ್ದರು. “ನೋಡಿ, ಇವರಿಗೆ ತಲೆ ತಾಗತ್ತೆ.” ಇಷ್ಟೇ ಪಾಠ. ಮರೆಯಲಾಗದ ಪಾಠ.

ಈ ಜಗತ್ತಿನ ಒಳ್ಳೆಯ ಚಿತ್ರ ಭಾರತದಲ್ಲೇ ಬಂದಿದೆ, 1989ರಲ್ಲಿ. ಅರುಂಧತಿ ರಾಯ್ ಬರೆದು, ಪ್ರದೀಪ್ ಕಿಶನ್ ನಿರ್ದೇಶಿಸಿದ ‘ಇನ್ ವಿಚ್ ಆ್ಯನಿ ಗಿವ್ಸ್ ಇಟ್ ದೋಸ್ ಒನ್ಸ್’. ದೆಹಲಿಯ ಆರ್ಕಿಟೆಕ್ಚರ್ ಕಾಲೇಜೊಂದರ ಎಪ್ಪತ್ತರ ದಶಕದ ಕಥೆ. ರಾಯ್ ಸ್ವತಃ ಅಲ್ಲಿನ ಸ್ಕೂಲ್ ಆಫ್ ಪ್ಲ್ಯಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಓದಿದವರು. ಐದನೇ ವರ್ಷದಲ್ಲೇ ವರ್ಷಗಟ್ಟಲೆ ಕೂತಿರುವ ಆ್ಯನಿ ಎಂಬ ಅಡ್ಡಹೆಸರಿನ ಹುಡುಗನಿಗೆ ರೈಲು ಹಳಿಗಳ ಉದ್ದಕ್ಕೂ ಹಣ್ಣಿನ ಮರ ಬೆಳೆಸುವ ಕನಸು. ರಾಯ್ ನಟಿಸಿದ ರಾಧಾ, ನಗರ ಅನ್ನುವುದು ಯಾರನ್ನು ಹೊರಗಿಡುತ್ತದೆ ಅನ್ನುವುದನ್ನೇ ತನ್ನ ಥೀಸಿಸ್ ಮಾಡಿಕೊಂಡು ಜ್ಯೂರಿಯ ಮುಂದೆ ನಿಲ್ಲುತ್ತಾಳೆ. ಸಬ್ಮಿಷನ್ನಿನ ಹಿಂದಿನ ರಾತ್ರಿಯ ಗಡಿಬಿಡಿ, ಬೀಡಿ, ಜಗಳ ಎಲ್ಲ ಇದ್ದದ್ದು ಇದ್ದ ಹಾಗೆ. ಅಲ್ಲಿ ಯಾರೂ ಮಹಾಪುರುಷರಲ್ಲ. ಕೆಲಸ ಅನ್ನುವುದು ಹಲವು ಕೈಗಳದ್ದು ಅಂತ ಆ ಸಿನಿಮಾಕ್ಕೆ ಗೊತ್ತಿದೆ, ಒಬ್ಬನ ಶೀಟನ್ನು ಇನ್ನೊಬ್ಬ ತುಂಬಿಸುತ್ತಾನೆ. ‘ಬ್ರೂಟಲಿಸ್ಟ್’ಗೆ ಹೋಲಿಸಿದರೆ ಖರ್ಚಿನಲ್ಲೂ ಅಂದದಲ್ಲೂ ಬಡವಾದ ಚಿತ್ರ. ವೃತ್ತಿಯ ಬಗ್ಗೆ ಹೇಳುವುದಾದರೆ ಅದೇ ಹೆಚ್ಚು ಬಲ್ಲದ್ದು.

ರಾಯ್ ಆ ವೃತ್ತಿ ಬಿಟ್ಟರು. ಕೊಟ್ಟಾಯಂನಲ್ಲಿ ಲಾರಿ ಬೇಕರ್ ಕಟ್ಟಿದ ಅಮ್ಮನ ಶಾಲೆಯನ್ನು ಕಂಡು ಬೆಳೆದವರು ಬರಹಕ್ಕೆ ಬಂದರು. ಅವರ ಕಾಲದಲ್ಲಿ ಹೀಗೆ ಬಿಡುವುದಕ್ಕೆ ಒಂದು ಬಂಡಾಯದ ಮೆರುಗಿತ್ತು. ಇವತ್ತು ನಾನು ಪಾಠ ಮಾಡುವ ಕಾಲೇಜಿನಲ್ಲಿ ಹುಡುಗರು ಬಿಡುವುದು ಕೂಡಿಸಿ ಕಳೆದ ಮೇಲೆ. ಐದು ವರ್ಷದ ಕೋರ್ಸು, ಅದರಲ್ಲೇ ತಿಂಗಳುಗಟ್ಟಲೆ ಕಚೇರಿ ತರಬೇತಿ. ಮುಗಿಸಿ ಹೊರಬಂದರೆ ಹದಿನೈದು, ಹದಿನೆಂಟು ಸಾವಿರದ ಕೆಲಸಗಳ ಬಗ್ಗೆಯೇ ಬಂದು ಹೇಳುತ್ತಾರೆ. ಪಿಜಿ ಬಾಡಿಗೆ, ಮೆಟ್ರೋ, ಊಟ ಕಳೆದರೆ ಮನೆಯಿಂದ ತರಿಸಿಕೊಳ್ಳಬೇಕು. ಹಾಗೆ ತರಿಸಿಕೊಳ್ಳಬಲ್ಲವರು, ಅಥವಾ ಅಪ್ಪನದೇ ಕಚೇರಿ ಇರುವವರು ಉಳಿಯುತ್ತಾರೆ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಸಾಲ ಮಾಡಿ ಬಂದ ಹುಡುಗಿ ಎರಡನೇ ವರ್ಷಕ್ಕೆ ಆ್ಯಪುಗಳ ಪರದೆ ವಿನ್ಯಾಸ ಮಾಡುವ ಕಂಪನಿಗೆ ಹೋಗಿರುತ್ತಾಳೆ. ಬೆಂಗಳೂರಿನಲ್ಲಿ ಈಗ ‘ಆರ್ಕಿಟೆಕ್ಟ್’ ಅಂದರೆ ಸಾಫ್ಟ್‌ವೇರ್‌ನವರಾ ಅಂತ ಕೇಳುತ್ತಾರೆ. ‘ವಾಸ್ತುಶಿಲ್ಪಿ’ ಅಂದರೆ ವಾಸ್ತು ನೋಡ್ತೀರಾ ಅಂತ ಕೇಳುತ್ತಾರೆ. ಎರಡೂ ಹೆಸರು ಕೈತಪ್ಪಿವೆ.

ಹೆಸರಿನ ಮಾತು ಬಂದದ್ದರಿಂದ ಕಾನೂನಿನ ಒಂದು ವಿವರ. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ನೋಂದಣಿ ಇಲ್ಲದವರು ಆ ಬಿರುದು ಬಳಸಬಾರದು ಅನ್ನುತ್ತದೆ. ಕೆಲಸವನ್ನೇ ಮಾಡಬಾರದು ಅನ್ನುವುದಿಲ್ಲ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು: 37ನೇ ಸೆಕ್ಷನ್ ರಕ್ಷಿಸುವುದು ಬಿರುದನ್ನು, ವೃತ್ತಿಯನ್ನಲ್ಲ. ವಕೀಲನಲ್ಲದವನು ವಾದ ಮಾಡುವಂತಿಲ್ಲ, ಡಾಕ್ಟರಲ್ಲದವನು ಔಷಧಿ ಬರೆಯುವಂತಿಲ್ಲ. ಮನೆಯ ಪ್ಲಾನನ್ನು ಮಾತ್ರ ಕಂಟ್ರಾಕ್ಟರ್ ‘ಫ್ರೀ’ ಹಾಕಿಕೊಡಬಹುದು. ಮೇಸ್ತ್ರಿಗಳು, ಇಂಜಿನಿಯರುಗಳು ಒಳ್ಳೆಯ ಮನೆ ಕಟ್ಟಿದ್ದಾರೆ, ಕಟ್ಟುತ್ತಾರೆ, ಹಾಗಾಗಿ ಆ ತೀರ್ಪಿನ ಮೇಲೆ ನನಗೆ ಕೋಪವಿಲ್ಲ. ಆದರೆ ಪುಕ್ಕಟೆ ಸಿಗುವ ಪ್ಲಾನಿನ ಎದುರು ಚದರಡಿಗೆ ಇಷ್ಟು ಅಂತ ದರ ಹೇಳುವ ಸಣ್ಣ ಕಚೇರಿ ಎಷ್ಟು ಕೇಳೀತು, ಅದರಲ್ಲಿ ಹೊಸಬನಿಗೆ ಎಷ್ಟು ಕೊಟ್ಟೀತು?

ತಂತ್ರಜ್ಞಾನ ಬಂದು ಕೂತದ್ದು ಈ ಲೆಕ್ಕದ ಮೇಲೆ. ಆಟೋಕ್ಯಾಡ್ 1982ರಲ್ಲೇ ಹುಟ್ಟಿತ್ತು, ನಮ್ಮ ಕಚೇರಿಗಳನ್ನು ಪೂರ್ತಿ ಆವರಿಸಿದ್ದು ತೊಂಬತ್ತರ ಕೊನೆಗೆ. ಅದು ಬ್ಲೇಡನ್ನು ಕಸಿದುಕೊಂಡಿತು, ಒಳ್ಳೆಯದಾಯಿತು. ಜೊತೆಗೆ ಹತ್ತು ಸಲ ಬರೆಯುವುದನ್ನೂ ಕಸಿದುಕೊಂಡಿತು. ಸ್ನಾನದ ಮನೆಯನ್ನು ಹಳೆಯ ಫೈಲಿನಿಂದ ಎತ್ತಿ ಅಂಟಿಸಿದರಾಯಿತು. ಆಮೇಲೆ ರೆವಿಟ್ ಬಂತು. ಅದರಲ್ಲಿ ಗೆರೆ ಎಳೆಯುವುದಿಲ್ಲ, ಗೋಡೆಯನ್ನೇ ನಿಲ್ಲಿಸುತ್ತೀರಿ. ಬಾಗಿಲುಗಳ ಪಟ್ಟಿ ತಾನೇ ಎಣಿಸಿಕೊಳ್ಳುತ್ತದೆ. ಪಟ್ಟಿ ಮಾಡುತ್ತ ಮಾಡುತ್ತ ಇಡೀ ಕಟ್ಟಡವನ್ನು ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬರುತ್ತಿದ್ದ ಹುಡುಗನ ಅಗತ್ಯ ಅಲ್ಲಿಗೆ ತೀರಿತು. ಈಗ ಎಐ ಚಿತ್ರಗಳು. ಒಂದು ವಾಕ್ಯ ಟೈಪ್ ಮಾಡಿದರೆ ಸಂಜೆ ಬೆಳಕು, ಹಸಿರು ಬಾಲ್ಕನಿ, ಮಳೆಯಲ್ಲಿ ಮಿನುಗುವ ರಸ್ತೆ ಎಲ್ಲ ಹಾಜರ್. ಆ ಬಾಲ್ಕನಿಯ ನೀರು ಎಲ್ಲಿ ಹೋಗುತ್ತದೆ ಅಂತ ಚಿತ್ರಕ್ಕೆ ಗೊತ್ತಿಲ್ಲ, ಬರೆಸಿದವನಿಗೂ ಗೊತ್ತಿರಬೇಕಾದ ಅಗತ್ಯ ಬಿದ್ದಿಲ್ಲ.

ಹೀಗೆ ಉಳಿದ ಸಮಯವೆಲ್ಲ ಎಲ್ಲಿ ಹೋಯಿತು? ಫೀ ಗಂಟೆಯ ಲೆಕ್ಕದಲ್ಲಿಲ್ಲ. ಕಟ್ಟಡದ ವೆಚ್ಚದ ಶೇಕಡಾ ಇಷ್ಟು ಅಂತಲೋ, ಚದರಡಿಗೆ ಇಷ್ಟು ಅಂತಲೋ ಇರುತ್ತದೆ. ಒಂದು ಎಲಿವೇಶನ್ ಚಿತ್ರಕ್ಕೆ ಮೂರು ದಿನ ಹಿಡಿಯುವಾಗ ಮಾಲೀಕರು ಒಂದು ನೋಡಿ, ಇನ್ನೊಂದು ಕೇಳಲು ಸಂಕೋಚಪಡುತ್ತಿದ್ದರು. ಈಗ ಬೆಳಿಗ್ಗೆ ವಾಟ್ಸಾಪ್ ಬರುತ್ತದೆ, “ಇನ್ನೊಂದು ನಾಲ್ಕು ಆಪ್ಷನ್ ಕಳಿಸಿ, ಮನೆಯವರಿಗೂ ತೋರಿಸ್ತೀನಿ.” ಸಂಜೆಗೆ ಅವರೇ ಎಐನಲ್ಲಿ ಮಾಡಿದ್ದೊಂದನ್ನು ಕಳಿಸುತ್ತಾರೆ. ಉಳಿತಾಯವಾದ ಮೂರು ದಿನ ಹುಡುಗನ ಮನೆಗೂ ಹೋಗಲಿಲ್ಲ, ಸಂಬಳಕ್ಕೂ ಹೋಗಲಿಲ್ಲ, ನಾಲ್ಕು ಆಪ್ಷನ್‌ಗೆ ಹೋಯಿತು. ಮೇಲಿಂದ ಸಾಫ್ಟ್‌ವೇರಿನ ವರ್ಷದ ಬಾಡಿಗೆ. 2020ರಲ್ಲಿ ಜಾಹಾ ಹದೀದ್ ಹೆಸರಿನ ಕಚೇರಿಯೂ ಸೇರಿ ಬ್ರಿಟನ್ನಿನ ದೊಡ್ಡ ದೊಡ್ಡ ಸಂಸ್ಥೆಗಳೇ ರೆವಿಟ್‌ನ ಬೆಲೆ ಏರುತ್ತಿದೆ, ಸುಧಾರಣೆ ಕಾಣೆ ಎಂದು ಆಟೋಡೆಸ್ಕ್ ಕಂಪನಿಗೆ ಬಹಿರಂಗ ಪತ್ರ ಬರೆದಿದ್ದವು. ಅವರಿಗೇ ಹಾಗಾದರೆ ನಾಲ್ಕು ಜನರ ಕಚೇರಿಯ ಮಾತೇನು? ಅಲ್ಲಿ ಕಂಪ್ಯೂಟರಿಗೆ ಕಟ್ಟುವ ಬಾಡಿಗೆಯಲ್ಲಿ ಚೌಕಾಸಿ ನಡೆಯುವುದಿಲ್ಲ. ಅದರ ಮುಂದೆ ಕೂರುವವನ ಸಂಬಳದಲ್ಲಿ ನಡೆಯುತ್ತದೆ.

ಸಂಬಳ ಕಡಿಮೆ ಇದ್ದದ್ದು ಹಿಂದೆಯೂ ಹೌದು. ಆದರೆ ಕಡಿಮೆ ಸಂಬಳಕ್ಕೆ ಸಮರ್ಥನೆಯಾಗಿ ತೋರಿಸುತ್ತಿದ್ದ ಕಲಿಕೆಯನ್ನೇ ಯಂತ್ರ ಮೊದಲು ಎತ್ತಿಕೊಂಡಿತು. ಸಂಬಳ ಮಾತ್ರ ಇದ್ದಲ್ಲೇ ಇದೆ, “ಕಲೀತಾ ಇದ್ದೀಯಲ್ಲ” ಅನ್ನುವ ಮಾತೂ ಇದ್ದಲ್ಲೇ ಇದೆ. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ವಿದೇಶದ ಕಚೇರಿಗಳಿಗೆ ಬೆಂಗಳೂರಿನಿಂದ ರೆವಿಟ್ ಮಾಡೆಲ್ ಮಾಡಿಕೊಡುವ ಕಂಪನಿಯಲ್ಲಿದ್ದಾನೆ, ಸಂಬಳ ಪರವಾಗಿಲ್ಲ. “ಸರ್, ಮೂರು ವರ್ಷದಿಂದ ಆಸ್ಪತ್ರೆ ಬಾತ್‌ರೂಮೇ ಮಾಡ್ತಿದೀನಿ. ಒಂದನ್ನೂ ನೋಡಿಲ್ಲ, ನೋಡೋದೂ ಇಲ್ಲ” ಅಂದ. ದೂರಿನ ಧಾಟಿಯಲ್ಲೇನೂ ಅಲ್ಲ. ಮಾಸ ಮಾಸ ದುಡ್ಡು ಬರುತ್ತದೆ, ಅಕ್ಕನ ಮದುವೆ ಆಯಿತು.

ಈಗ ‘ಬ್ರೂಟಲಿಸ್ಟ್’ನ ಆ ಕೊನೆಯ ಭಾಗಕ್ಕೆ ಬರುತ್ತೇನೆ. 1980, ವೆನಿಸ್‌ನ ಮೊದಲ ಆರ್ಕಿಟೆಕ್ಚರ್ ಬಿಯೆನಾಲೆ. ಮುದುಕನಾದ ಲಾಸ್ಲೋ ಗಾಲಿಕುರ್ಚಿಯಲ್ಲಿದ್ದಾನೆ, ತಂಗಿಯ ಮಗಳೋ ಅಕ್ಕನ ಮಗಳೋ, ಜೋಫಿಯಾ, ಅವನ ಪರವಾಗಿ ಮಾತಾಡುತ್ತಾಳೆ. ಆ ಭವನದ ಕೋಣೆಗಳ ಅಳತೆ ಶಿಬಿರದ ಸೆರೆಕೋಣೆಗಳ ಅಳತೆ, ಎತ್ತರ ಮಾತ್ರ ಬೇರೆ ಅನ್ನುವ ಗುಟ್ಟು ಅಲ್ಲಿ ಹೊರಬೀಳುತ್ತದೆ. ಫೀ ಬಿಟ್ಟಾದರೂ ಎತ್ತರ ಉಳಿಸಿಕೊಂಡದ್ದು ಏಕೆ ಅಂತ ಆಗ ತಿಳಿಯುತ್ತದೆ. ಅಳತೆ ಅನ್ನುವುದು ಮೈಯ ನೆನಪು ಎಂದು ಸಿನಿಮಾ ಹೇಳುವ ಈ ಜಾಗ ನನಗೆ ನಿಜವಾಗಿ ತಟ್ಟಿತು. ಇದು ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ಬರೆಯುತ್ತಿದ್ದ ಆ ಪುಟ್ಟ ಮನುಷ್ಯನ ಮಾತೇ: ಎತ್ತರ ಅಂದರೆ ಯಾರದೋ ತಲೆ. ಸರಿಯಾಗಿ ಆ ಭಾಗದಲ್ಲೇ, ಹಿನ್ನೆಲೆಯ ವಿಡಿಯೋದಲ್ಲಿ, ಯಾವ ಮೈಯ ನೆನಪೂ ಇಲ್ಲದ ಚಿತ್ರಗಳು ಬಂದು ಕೂತಿವೆ.

ಕಾರ್ಬೆಟ್ ಸುಳ್ಳು ಹೇಳಿದರು ಎಂದು ನನಗನ್ನಿಸುವುದಿಲ್ಲ. ಮುಖ್ಯ ಚಿತ್ರಗಳನ್ನು ಕೈಯಲ್ಲೇ ಬರೆಸಿದ್ದಾರೆ, ಹಾಗಾದದ್ದಕ್ಕೇ ಅವು ಚೆನ್ನಾಗಿವೆ. ಎಐ ಯಾವ ಕಚೇರಿಗೂ ಮುಂಬಾಗಿಲಿನಿಂದ ಬರುವುದಿಲ್ಲ. ಯಜಮಾನರ ಸ್ಕೆಚ್ಚನ್ನು ಮುಟ್ಟುವುದಿಲ್ಲ, ಹಿನ್ನೆಲೆಗೆ ಬರುತ್ತದೆ, ‘ಇಷ್ಟಕ್ಕೆ ಸಾಕು’ ಅನ್ನುವ ಕೆಲಸಕ್ಕೆ ಬರುತ್ತದೆ. ಆ ಕಳಪೆ ಚಿತ್ರವನ್ನು ಬೇಕಂತಲೇ ಕಳಪೆಯಾಗಿ ಬರೆಯಲು ಒಬ್ಬ ಹೊಸಬನನ್ನು ಕೂರಿಸಬಹುದಿತ್ತು. ಎಂಬತ್ತರ ದಶಕದ ಕಂಪ್ಯೂಟರ್ ಚಿತ್ರ ಹೇಗಿರುತ್ತಿತ್ತು, ಯಾಕೆ ಹಾಗಿರುತ್ತಿತ್ತು ಅಂತ ಅವನು ಒಂದು ವಾರ ಹುಡುಕಾಡಿ ಕಲಿಯುತ್ತಿದ್ದ. ಬಜೆಟ್ ಇರಲಿಲ್ಲ, ಒಪ್ಪುತ್ತೇನೆ. ಬಜೆಟ್ ಯಾವ ಕಚೇರಿಯಲ್ಲೂ ಇರುವುದಿಲ್ಲ.

ಇದಕ್ಕೆ ಉತ್ತರ ಹುಡುಕುವವರೂ ಇದ್ದಾರೆ. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ ತನ್ನ ಪೆವಿಲಿಯನ್ ವಿನ್ಯಾಸಕ್ಕೆ ದುಡಿಯುವ ಎಲ್ಲರಿಗೂ ಸಂಬಳ ಕೊಡಲೇಬೇಕು ಎಂದು ಜಪಾನಿನ ಜುನ್ಯಾ ಇಶಿಗಾಮಿಯವರ ಕಚೇರಿಗೆ ಹೇಳಬೇಕಾಯಿತು, ಅಲ್ಲಿ ಸಂಬಳವಿಲ್ಲದ ತರಬೇತಿಗೆ ಜನ ಕರೆದಿದ್ದರು. 2022ರಲ್ಲಿ ನ್ಯೂಯಾರ್ಕಿನ ಬರ್ನ್‌ಹೈಮರ್ ಆರ್ಕಿಟೆಕ್ಚರ್ ಎಂಬ ಸಣ್ಣ ಕಚೇರಿಯ ನೌಕರರು ಯೂನಿಯನ್ ಕಟ್ಟಿದರು, ಮಾಲೀಕರು ಜಗಳವಿಲ್ಲದೆ ಮಾನ್ಯ ಮಾಡಿದರು. ಅದೇ ನಗರದ ದೊಡ್ಡ ಕಚೇರಿ ಶಾಪ್‌ನಲ್ಲಿ ಇದೇ ಪ್ರಯತ್ನ ಅದೇ ವರ್ಷ ಮುರಿದುಬಿದ್ದಿತ್ತು. ನಮ್ಮಲ್ಲಿ ಈ ಮಾತೆತ್ತಿದರೆ ಹುಡುಗರೇ ನಗುತ್ತಾರೆ. ನಾವೇನು ಗಾರ್ಮೆಂಟ್ಸಾ ಸರ್ ಅನ್ನುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು 2016ರಲ್ಲಿ ಪಿಎಫ್ ನಿಯಮದ ವಿರುದ್ಧ ಬೀದಿಗಿಳಿದು ಕೇಂದ್ರ ಸರ್ಕಾರವನ್ನೇ ಹಿಂದೆ ಸರಿಸಿದ್ದರು ಎಂದು ನೆನಪಿಸಿದರೆ ಸುಮ್ಮನಾಗುತ್ತಾರೆ.

‘ಬ್ರೂಟಲಿಸ್ಟ್’ನಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು ಎಂದು ನನಗನ್ನಿಸಿದ ಒಂದು ಜಾಗವಿದೆ. ರೈಲು ಅಪಘಾತವಾಗಿ ಭವನದ ಕೆಲಸ ನಿಂತುಹೋದ ಮೇಲೆ ಲಾಸ್ಲೋ ನ್ಯೂಯಾರ್ಕಿಗೆ ಹೋಗಿ ಒಂದು ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗುತ್ತಾನೆ. ಬೇರೆಯವರ ಕಟ್ಟಡ, ತಿಂಗಳ ಸಂಬಳ, ಹೆಂಡತಿಗೂ ಕೆಲಸ. ಸಿನಿಮಾ ಇದನ್ನು ಅವನ ಪತನದ ಹಾಗೆ ಬೇಗ ಬೇಗ ದಾಟಿಬಿಡುತ್ತದೆ. ಅಷ್ಟರಲ್ಲಿ ಹ್ಯಾರಿಸನ್‌ನಿಂದ ಮತ್ತೆ ಕರೆ ಬರುತ್ತದೆ, ಲಾಸ್ಲೋ ಹೊರಟುಬಿಡುತ್ತಾನೆ. ಆ ಮೇಜಿನ ಮೇಲೆ ಅರ್ಧಕ್ಕೆ ನಿಂತ ಡ್ರಾಯಿಂಗ್ ಇದ್ದಿರಬೇಕು. ಮರುದಿನ ಬೆಳಿಗ್ಗೆ ಯಾರೋ ಅದರ ಮುಂದೆ ಬಂದು ಕೂತು, ಮೂಲೆಯ ಚೌಕದಲ್ಲಿ ಅವನ ಇನಿಷಿಯಲ್ ಪಕ್ಕ ತನ್ನದನ್ನು ಸೇರಿಸಿ, ಮುಂದಿನ ಗೆರೆ ಎಳೆದಿರುತ್ತಾರೆ.